ಲೈಸೆನ್ಸ್ ಸಸ್ಪೆಂಡ್ ಆದಮೇಲೆ ಎಸ್‌ಆರ್-22: ಕಾರೇ ಇಲ್ಲದವರಿಗೂ ಬೇಕಾ? (ಕ್ಯಾಲಿಫೋರ್ನಿಯಾ)

ಪ್ರಶ್ನೆ: ನಮಸ್ಕಾರ ಸರ್. ನಾವು ಫ್ರೀಮಾಂಟ್‌ನಲ್ಲಿದ್ದೇವೆ. ತಮ್ಮನ ಕ್ರೆಡಿಟ್ ಕಾರ್ಡ್ ಎಕ್ಸ್‌ಪೈರ್ ಆಗಿ ಇನ್ಶೂರೆನ್ಸ್ ದುಡ್ಡು ಹೋಗಿರಲಿಲ್ಲ, ಪಾಲಿಸಿ ರದ್ದಾಗಿತ್ತು. ಅದೇ ಹೊತ್ತಿಗೆ ಸಿಗ್ನಲ್‌ನಲ್ಲಿ ಮುಂದಿನ ಕಾರಿಗೆ ಗುದ್ದಿದ. ಲೈಸೆನ್ಸ್ ಸಸ್ಪೆಂಡ್ ಆಗಿ ಮುಂದಿನ ತಿಂಗಳಿಗೆ ಒಂದು ವರ್ಷ. ಕಾರು ಮಾರಿಯಾಯ್ತು. ಈಗ ಡಿಎಂವಿಯವರು (ಇಲ್ಲಿ ಲೈಸೆನ್ಸ್ ಕೊಡುವ ಇಲಾಖೆ, ನಮ್ಮೂರ ಆರ್‌ಟಿಒ ಥರ) ಎಸ್‌ಆರ್-22 ಕೇಳ್ತಿದ್ದಾರೆ. ಕಾರೇ ಇಲ್ಲದವನಿಗೆ ಎಂಥ ಇನ್ಶೂರೆನ್ಸ್? ಅವನು ನಮ್ಮ ಮನೆಯಲ್ಲೇ ಇರೋದು, ನನ್ನ ಪಾಲಿಸಿ ಕಾರ್ಡ್ ತೋರಿಸಿದರೆ ಆಗಲ್ವಾ?

ಉತ್ತರ (ಇನ್ಶೂರೆನ್ಸ್ ಏಜೆಂಟ್): ಆಗಲ್ಲ ಮೇಡಂ. ಎಸ್‌ಆರ್-22 ಅನ್ನೋದು ಬೇರೆ ಪಾಲಿಸಿ ಅಲ್ಲ. "ಈ ವ್ಯಕ್ತಿಗೆ ಇನ್ಶೂರೆನ್ಸ್ ಇದೆ" ಅಂತ ಕಂಪನಿಯೇ ಡಿಎಂವಿಗೆ ಕಳಿಸುವ ಸರ್ಟಿಫಿಕೇಟ್. ಪರ್ಸಿನಲ್ಲಿರುವ ಕಾರ್ಡ್ ಪೊಲೀಸರಿಗೆ ತೋರಿಸೋಕೆ ಸಾಕು, ಇದಕ್ಕೆ ಸಾಲದು. ನಿಮ್ಮ ತಮ್ಮನ ಥರದ ಕೇಸಿನಲ್ಲಿ, ಅಂದ್ರೆ ಇನ್ಶೂರೆನ್ಸ್ ಇಲ್ಲದೆ ಆಕ್ಸಿಡೆಂಟ್ ಆದಾಗ, ಸಸ್ಪೆನ್ಷನ್ 4 ವರ್ಷದವರೆಗೂ ಇರಬಹುದು. ಮೊದಲ ವರ್ಷ ಮುಗಿದ ಮೇಲೆ ಎಸ್‌ಆರ್-22 ಕೊಟ್ಟರೆ ಲೈಸೆನ್ಸ್ ವಾಪಸ್ ಸಿಗುತ್ತೆ, ಆದರೆ ಆ ಸರ್ಟಿಫಿಕೇಟನ್ನು ಮುಂದಿನ 3 ವರ್ಷ ಜೀವಂತ ಇಟ್ಟುಕೊಳ್ಳಬೇಕು. ರೀಇಶ್ಯೂ ಫೀ ಬೇರೆ ಕಟ್ಟಬೇಕು.

ಕಾರಿಲ್ಲದವರಿಗೆ ನಾನ್-ಓನರ್ ಪಾಲಿಸಿ ಅಂತ ಇದೆ, ಅಗ್ಗವೂ ಹೌದು. ಆದರೆ ನಿಮ್ಮ ತಮ್ಮನಿಗೆ ಅದು ಸುಮ್ನೆ ತಗೋಬೇಡಿ. ಅದು ಅಪರೂಪಕ್ಕೆ ಬೇರೆಯವರ ಕಾರು ಓಡಿಸುವವರಿಗೆ. ಒಂದೇ ಮನೆಯಲ್ಲಿದ್ದು ದಿನಾ ನಿಮ್ಮ ಕಾರಲ್ಲೇ ಆಫೀಸಿಗೆ ಹೋಗೋದಾದರೆ ಆ ಪಾಲಿಸಿ ಸಾಮಾನ್ಯವಾಗಿ ಕವರ್ ಮಾಡಲ್ಲ. ಡಿಎಂವಿ ಒಪ್ಪುತ್ತೆ, ಲೈಸೆನ್ಸೂ ಬರುತ್ತೆ, ಕ್ಲೇಮ್ ಬಂದ ದಿನ ಕೈ ಎತ್ತುತ್ತಾರೆ. ನಿಮ್ಮ ಪಾಲಿಸಿಗೇ ಅವನನ್ನು ಡ್ರೈವರ್ ಆಗಿ ಸೇರಿಸಿ, ಅವನ ಹೆಸರಲ್ಲಿ ಎಸ್‌ಆರ್-22 ಫೈಲ್ ಮಾಡ್ತೀರಾ ಅಂತ ಕಂಪನಿಯನ್ನು ಕೇಳಿ. ಪ್ರೀಮಿಯಂ ಚೆನ್ನಾಗೇ ಏರುತ್ತೆ, ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಇನ್ನೊಂದು, ಹೆಸರು. ಲೈಸೆನ್ಸಿನಲ್ಲಿ ಇರೋ ಹಾಗೇ ಫೈಲ್ ಮಾಡಿಸಿ. ನಮ್ಮವರದು ಒಂದು ಕಡೆ ಇನಿಶಿಯಲ್, ಇನ್ನೊಂದು ಕಡೆ ಅಪ್ಪನ ಹೆಸರೇ ಸರ್‌ನೇಮ್. ಹೊಂದದಿದ್ದರೆ ಫೈಲಿಂಗ್ ಎಲ್ಲೋ ಸಿಕ್ಕಿಕೊಳ್ಳುತ್ತೆ. ಲೈಸೆನ್ಸ್ ಸರಿಯಾಗಿದೆ ಅಂತ ಡಿಎಂವಿ ಹೇಳುವವರೆಗೆ ಕಾರಿನ ಕೀ ಕೊಡಬೇಡಿ.

ಪ್ರಶ್ನೆ (ಇನ್ನೊಬ್ಬರು): ಅಣ್ಣಾ, ಕನಿಷ್ಠ ಕವರೇಜ್ 15/30/5 ತಗೊಂಡ್ರೆ ಸಾಕಲ್ವಾ?

ಉತ್ತರ: ಅದು ಹಳೇ ಲೆಕ್ಕ. 2025ರ ಜನವರಿ 1ರಿಂದ ಇಲ್ಲಿ 30/60/15. ಒಬ್ಬರಿಗೆ ಗಾಯವಾದರೆ 30 ಸಾವಿರ ಡಾಲರ್, ಒಂದು ಆಕ್ಸಿಡೆಂಟಿಗೆ ಒಟ್ಟು 60 ಸಾವಿರ, ಆಸ್ತಿ ಹಾನಿಗೆ 15 ಸಾವಿರ. ಟೆಸ್ಲಾ ಒಂದಕ್ಕೆ ಗುದ್ದಿದರೆ ಆ 15 ಎಲ್ಲಿಗೆ ಸಾಕು ಹೇಳಿ, ಜಾಸ್ತೀನೇ ತಗೊಳ್ಳಿ.

ಪ್ರಶ್ನೆ: ಮಧ್ಯದಲ್ಲಿ ಕಂಪನಿ ಬದಲಾಯಿಸಬಹುದಾ? ಎರಡು ತಿಂಗಳು ಊರಿಗೆ ಹೋದಾಗ ನಿಲ್ಲಿಸಬಹುದಾ?

ಉತ್ತರ: ನಿಲ್ಲಿಸಲೇಬೇಡಿ. ಪಾಲಿಸಿ ನಿಂತರೆ ಕಂಪನಿ ಎಸ್‌ಆರ್-26 ಅಂತ ಡಿಎಂವಿಗೆ ತಿಳಿಸುತ್ತೆ, ಲೈಸೆನ್ಸ್ ಮತ್ತೆ ಸಸ್ಪೆಂಡ್. ಬದಲಾಯಿಸೋದು ತಪ್ಪಲ್ಲ. ಹೊಸ ಕಂಪನಿಯ ಎಸ್‌ಆರ್-22 ಡಿಎಂವಿಗೆ ಮುಟ್ಟಿದ ಮೇಲೇ ಹಳೇದನ್ನು ಕ್ಯಾನ್ಸಲ್ ಮಾಡಿ.