ಇಮ್ಯುನಾಲಜಿ ಗೈಡ್ ಆರಿಸುವಾಗ ಸೈಟೇಶನ್ ಸಂಖ್ಯೆಯನ್ನು ಎಷ್ಟು ನಂಬಬೇಕು?

ಪ್ರಶ್ನೆ:
ಇಮ್ಯುನಾಲಜಿಯಲ್ಲಿ (ದೇಹದ ರೋಗನಿರೋಧಕ ವ್ಯವಸ್ಥೆಯ ಅಧ್ಯಯನ) ಪಿಎಚ್‌ಡಿಗೆ ಗೈಡ್ ಹುಡುಕುತ್ತಿದ್ದೇನೆ. ಇಬ್ಬರು ಮನಸ್ಸಿನಲ್ಲಿದ್ದಾರೆ. ಒಬ್ಬರ ಎಚ್-ಇಂಡೆಕ್ಸ್ (ಸೈಟೇಶನ್, ಅಂದರೆ ಬೇರೆ ಪೇಪರ್‌ಗಳಲ್ಲಿ ಬಂದ ಉಲ್ಲೇಖಗಳಿಂದ ಹಾಕುವ ಲೆಕ್ಕ) 70, ಇನ್ನೊಬ್ಬರದು 25. ಕಣ್ಣು ಮುಚ್ಚಿಕೊಂಡು 70 ಇರುವವರ ಹತ್ತಿರ ಹೋಗು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಎರಡನೆಯವರ ಪೇಪರ್‌ಗಳನ್ನು ಓದುತ್ತಾ ಹೋದರೆ ಒಂದೇ ಪ್ರಶ್ನೆಯನ್ನು ಪಟ್ಟು ಬಿಡದೆ ಹಿಡಿದಿರುವುದು ಕಾಣುತ್ತದೆ, ನನಗೆ ಅದು ತುಂಬಾ ಹಿಡಿಸಿತು. ಈ ಸಂಖ್ಯೆಗಳಿಗೆ ಎಷ್ಟು ಬೆಲೆ ಕೊಡಬೇಕು? ಫೀಲ್ಡ್‌ನಲ್ಲಿ ಇರುವವರು ದಯವಿಟ್ಟು ಹೇಳಿ.

ಉತ್ತರ 1:
ಮೊದಲು ಇಬ್ಬರ ಮೊದಲ ಪೇಪರ್ ಯಾವ ವರ್ಷ ಬಂತು ನೋಡಿ. ಎಚ್-ಇಂಡೆಕ್ಸ್ 25 ಅಂದರೆ ತಲಾ 25 ಸಲವಾದರೂ ಉಲ್ಲೇಖವಾದ 25 ಪೇಪರ್‌ಗಳಿವೆ ಅಂತ, ಅಷ್ಟೇ. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಸೂಚಿಸಿದ ಲೆಕ್ಕ ಇದು. ಹಳೆಯ ಪೇಪರ್‌ಗಳಿಗೆ ಉಲ್ಲೇಖ ಸೇರುತ್ತಲೇ ಇರುವುದರಿಂದ, ಹೊಸದೇನೂ ಬರೆಯದೆ ಸುಮ್ನೆ ಕೂತರೂ ಏರಬಹುದು. ಇನ್ನೊಂದು ವಿಷಯ, 40 ಜನರ ಪೇಪರ್‌ನಲ್ಲಿ ನಡುವೆ ಎಲ್ಲೋ ಹೆಸರಿದ್ದರೂ ಅದರ ಸೈಟೇಶನ್ ಪೂರ್ತಿಯಾಗಿ ಅವರ ಖಾತೆಗೆ ಸೇರುತ್ತದೆ. ಲ್ಯಾಬ್ ನಡೆಸುವವರ ಹೆಸರು ಸಾಮಾನ್ಯವಾಗಿ ಕೊನೆಗೆ ಬರುತ್ತದೆ ಅಲ್ವಾ, ಅಂಥ ಪೇಪರ್‌ಗಳನ್ನು ಮಾತ್ರ ಬೇರೆ ಮಾಡಿ, ರಿವ್ಯೂಗಳನ್ನು (ಬೇರೆಯವರ ಕೆಲಸವನ್ನು ಒಟ್ಟುಗೂಡಿಸಿ ಬರೆದ ಲೇಖನಗಳು) ತೆಗೆದುಹಾಕಿ, ಆಮೇಲೆ ಹೋಲಿಸಿ.

ಉತ್ತರ 2:
ಇಮ್ಯುನಾಲಜಿಸ್ಟ್ ಟಿಮ್ ಮೋಸ್ಮನ್ ಅವರನ್ನು ನೋಡಿ. 1986ರಲ್ಲಿ ಅವರು ಕಾಫ್‌ಮನ್ ಜೊತೆ ಸೇರಿ, ಇಲಿಯ ಹೆಲ್ಪರ್ ಟಿ ಕೋಶಗಳಲ್ಲಿ (ಬೇರೆ ರೋಗನಿರೋಧಕ ಕೋಶಗಳಿಗೆ ನೆರವಾಗುವ ಬಿಳಿ ರಕ್ತಕೋಶ) ಎರಡು ಬಗೆ ಇವೆ, ಅವು ಹೊರಬಿಡುವ ಸೈಟೋಕೈನ್‌ಗಳೇ (ಕೋಶಗಳ ನಡುವಿನ ಸಂದೇಶದ ಪ್ರೋಟೀನ್‌ಗಳು) ಬೇರೆ ಬೇರೆ ಅಂತ ತೋರಿಸಿದರು. ಟಿಎಚ್1, ಟಿಎಚ್2 ಅಂತ ಇವತ್ತು ನಾವು ಓದುವುದು ಇದನ್ನೇ. ಆದರೆ ಇದಕ್ಕಿಂತ ಎಷ್ಟೋ ಜಾಸ್ತಿ ಸೈಟೇಶನ್ ಇರುವುದು ಅವರೊಬ್ಬರೇ ಬರೆದ 1983ರ, ಎಂಟಿಟಿ ಎಂಬ ಪರೀಕ್ಷಾ ವಿಧಾನದ ಪೇಪರ್‌ಗೆ. ಹಳದಿ ದ್ರಾವಣ ಹಾಕುತ್ತೀರಿ, ಜೀವಂತ ಕೋಶ ಅದನ್ನು ನೇರಳೆ ಹರಳು ಮಾಡುತ್ತದೆ, ಕರಗಿಸಿ ಬಣ್ಣ ಅಳೆದರೆ ಎಷ್ಟು ಕೋಶ ಬದುಕಿವೆ ಅಂತ ತಿಳಿಯುತ್ತದೆ. ಕ್ಯಾನ್ಸರ್ ಔಷಧಿ ಪರೀಕ್ಷಿಸುವವರಿಗೂ ಅದು ಬೇಕು. ಬೇರೆಯವರ ಕೈಗೆ ಒದಗುವ ಕೆಲಸಕ್ಕೆ ಸೈಟೇಶನ್ ಬರುತ್ತದೆ. ಅದು ಒಳ್ಳೆಯದೇ, ಆದರೆ ಆಳದ ಅಳತೆ ಅಲ್ಲ.

ಉತ್ತರ 3:
ಮೇಲಿನವರ ಮಾತಿಗೆ ಜಪಾನಿನ ಇಮ್ಯುನಾಲಜಿಸ್ಟ್ ಸಕಾಗುಚಿ ಅವರ ಕಥೆ ಸೇರಿಸಬೇಕು, ನನಗೆ ಬಹಳ ಪ್ರೀತಿಯ ಕಥೆ. ಹುಟ್ಟಿದ ಮೂರನೇ ದಿನ ಇಲಿಮರಿಯ ಥೈಮಸ್ (ಟಿ ಕೋಶಗಳು ಬಲಿಯುವ ಅಂಗ) ತೆಗೆದರೆ ಅದರ ಅಂಡಾಶಯ ಹಾಳಾಗುತ್ತದೆ ಅಂತ 1969ರಲ್ಲೇ ಜಪಾನಿನ ಇಬ್ಬರು ತೋರಿಸಿದ್ದರು. ಆರೋಗ್ಯವಂತ ಇಲಿಯ ಟಿ ಕೋಶ ಕೊಟ್ಟರೆ ಇಂಥ ಕಾಯಿಲೆ ತಡೆಯಬಹುದು, ಅಂದರೆ ದೇಹದ ಮೇಲೆ ದೇಹವೇ ಮಾಡುವ ದಾಳಿಯನ್ನು ಹಿಡಿದು ನಿಲ್ಲಿಸುವ ಕೋಶ ಇದ್ದೇ ಇದೆ ಅಂತ ಸಕಾಗುಚಿ ನಂಬಿದರು. ಆದರೆ 1980ರ ದಶಕದಲ್ಲಿ ‘ಸಪ್ರೆಸರ್ ಟಿ ಕೋಶ’ದ (ಹೀಗೆ ತಡೆಯುವ ಕೋಶಕ್ಕೆ ಆಗಿದ್ದ ಹೆಸರು) ಹಳೆಯ ವಾದಗಳು ಒಂದೊಂದಾಗಿ ಬಿದ್ದುಹೋಗಿ, ಆ ಹೆಸರೆತ್ತಿದರೇ ಜನ ಮುಖ ತಿರುಗಿಸುತ್ತಿದ್ದರು. ಅವರು ಬಿಡಲಿಲ್ಲ. 1995ರಲ್ಲಿ ಆ ಕೋಶಗಳ ಮೇಲೆ ಸಿಡಿ25 ಎಂಬ ಗುರುತು ಇದೆ ಅಂತ ತೋರಿಸಿದರು. ಅವುಗಳನ್ನು ತೆಗೆದು ಉಳಿದ ಟಿ ಕೋಶಗಳನ್ನಷ್ಟೇ ಥೈಮಸ್ ಇಲ್ಲದ ಇಲಿಗೆ ಕೊಟ್ಟರೆ ದೇಹವೇ ದೇಹದ ಮೇಲೆ ಬೀಳುತ್ತದೆ, ತೆಗೆದದ್ದನ್ನೂ ಸೇರಿಸಿ ಕೊಟ್ಟರೆ ಕಾಯಿಲೆ ಬರುವುದಿಲ್ಲ. ಗುರುತು ಸಿಕ್ಕಿದ್ದರಿಂದ ಬೇರೆ ಲ್ಯಾಬ್‌ಗಳೂ ಆ ಕೋಶವನ್ನು ಬೇರ್ಪಡಿಸಿ ನೋಡುವಂತಾಯಿತು. 2001ರಲ್ಲಿ ಬ್ರಂಕೊ, ರಾಮ್ಸ್‌ಡೆಲ್ ಅವರ ತಂಡ ಫಾಕ್ಸ್‌ಪಿ3 ಜೀನ್ ಕಂಡುಹಿಡಿಯಿತು, 2003ರಲ್ಲಿ ಅದಕ್ಕೂ ಈ ಕೋಶಕ್ಕೂ ನಂಟು ಗೊತ್ತಾಯಿತು, ಸಕಾಗುಚಿ, ಬ್ರಂಕೊ, ರಾಮ್ಸ್‌ಡೆಲ್ ಮೂವರಿಗೂ 2025ರಲ್ಲಿ ನೊಬೆಲ್ ಬಂತು. 1990ರಲ್ಲಿ ಬರೀ ಸಂಖ್ಯೆ ನೋಡಿ ಗೈಡ್ ಆರಿಸಿದ್ದ ವಿದ್ಯಾರ್ಥಿ ಸಕಾಗುಚಿ ಅವರ ಹತ್ತಿರ ಹೋಗುತ್ತಿದ್ದನೇ?

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಹಾಗಾದರೆ ಪಟ್ಟು ಹಿಡಿದವರನ್ನೇ ಆರಿಸಲಾ? ಪಟ್ಟು ಹಿಡಿದ ಎಲ್ಲರಿಗೂ ಸಿಡಿ25 ಸಿಗುವುದಿಲ್ಲವಲ್ಲ.

ಉತ್ತರ 3:
ಸರಿಯಾದ ಮಾತು. ಅದಕ್ಕೇ ಎರಡನೆಯವರ ಈಚಿನ ಪೇಪರ್‌ಗಳನ್ನು ಯಾರು ಉಲ್ಲೇಖಿಸಿದ್ದಾರೆ ಅಂತ ತೆಗೆದು ಓದಿ. ಅವರದೇ ಲ್ಯಾಬ್‌ನವರು ಮಾತ್ರವೋ, ಇಲ್ಲಾ ಸಂಬಂಧವೇ ಇಲ್ಲದ ಲ್ಯಾಬ್ ಅದೇ ಪ್ರಯೋಗ ಮಾಡಿ ಅದೇ ಫಲಿತಾಂಶ ಕಂಡಿದೆಯೋ? ಎರಡನೆಯದಾದರೆ ಧೈರ್ಯವಾಗಿ ಹೋಗಿ. ಜೊತೆಗೆ ಅವರ ಈಗಿನ ವಿದ್ಯಾರ್ಥಿಗಳ ಹತ್ತಿರ ಮಾತಾಡಿ, ಪೇಪರ್‌ನ ಲೇಖಕರ ಪಟ್ಟಿಯಲ್ಲಿ ಮೊದಲ ಸ್ಥಾನ ವಿದ್ಯಾರ್ಥಿಗೇ ಸಿಗುತ್ತದಾ ಅಂತ ನೇರವಾಗಿ ಕೇಳಿ.