ಮೀಥಿಲೀನ್ ಬ್ಲೂ ಹೀರುವ ಕರಟದ ಇಂಗಾಲಕ್ಕೆ ರಿಯಾಕ್ಟಿವ್ ಕಪ್ಪು ಏಕೆ ಒಗ್ಗುತ್ತಿಲ್ಲ?

ಪುಣೆ ವಿದ್ಯಾರ್ಥಿನಿ:
ನಮಸ್ಕಾರ. ನಾನು ಪುಣೆಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ತೆಂಗಿನ ಕರಟವನ್ನು ಪುಡಿಮಾಡಿ, ಫಾಸ್ಫೋರಿಕ್ ಆಮ್ಲದಲ್ಲಿ ನೆನೆಸಿ, 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ, ಚೆನ್ನಾಗಿ ತೊಳೆದು ಸಕ್ರಿಯ ಇಂಗಾಲ ತಯಾರಿಸಿದ್ದೇನೆ. ಲೀಟರಿಗೆ 50 ಮಿಲಿಗ್ರಾಂ ಮೀಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಇರುವ ನೀರಿಗೆ ಇದನ್ನು ಹಾಕಿ, ಅರ್ಧ ಗಂಟೆ ಅಲುಗಾಡಿಸಿ, ಸೋಸುಕಾಗದದಲ್ಲಿ ಸೋಸಿದರೆ ನೀಲಿ ಪೂರ್ತಿ ಮಾಯವಾಗುತ್ತದೆ. ಆದರೆ ಭಿವಂಡಿಯಲ್ಲಿ ಪರಿಚಿತರೊಬ್ಬರು ಹತ್ತಿಬಟ್ಟೆಗೆ ಬಣ್ಣ ಹಾಕುವ ಕಡೆಯಿಂದ ರಿಯಾಕ್ಟಿವ್ ಕಪ್ಪಿನ (ಹತ್ತಿಯೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಕಪ್ಪು ಬಣ್ಣದ) ನೀರು ತಂದುಕೊಟ್ಟರು, ಅದಕ್ಕೆ ನಾನು ಅಷ್ಟೇ ಇಂಗಾಲ ಹಾಕಿದಾಗ ಮೂರರಲ್ಲೊಂದು ಪಾಲು ಬಣ್ಣವೂ ಹೋಗಲಿಲ್ಲ. ಇಂಗಾಲದಲ್ಲೇ ದೋಷವಿದೆಯೇ?

ಡೊಂಬಿವಿಲಿಯ ಹಳೆಯ ಡೈಯರ್:
ಆ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ನೋಡಿದ್ದೀರಾ, ತಂಗಿ? ರಿಯಾಕ್ಟಿವ್ ಬಣ್ಣ ಹತ್ತಿಗೆ ಕಚ್ಚಬೇಕಾದರೆ ಕ್ಷಾರವಾದ ಸೋಡಾ ಆ್ಯಶ್ ಹಾಕಲೇಬೇಕಾದ್ದರಿಂದ ಬಣ್ಣದ ತೊಟ್ಟಿಯ ನೀರಿನ ಪಿಎಚ್ 10ರಿಂದ 11ರ ಸುಮಾರಿಗೆ ಇರುತ್ತದೆ, ಮೇಲೆ ಹೇರಳ ಉಪ್ಪು ಬೇರೆ. ಪ್ರಯೋಗಾಲಯದ ಬಟ್ಟಿ ಇಳಿಸಿದ ನೀರಿಗೂ ಇದಕ್ಕೂ ಅಜಗಜಾಂತರ. 2017ರಲ್ಲಿ ಕಾರ್ಖಾನೆಯ ಬಣ್ಣ ತಾಗಿ ನವಿ ಮುಂಬಯಿ ಬಳಿಯ ತಳೋಜದ ಬೀದಿನಾಯಿಗಳು ನೀಲಿಯಾದಾಗ ಎಲ್ಲರ ಕಣ್ಣೂ ಬಣ್ಣದ ಮೇಲೇ ಇತ್ತು. ಈ ಉಪ್ಪು ಮಾತ್ರ ಕಣ್ಣಿಗೆ ಕಾಣುವುದಿಲ್ಲ, ಇಂಗಾಲಕ್ಕೆ ಸಿಗುವುದೂ ಇಲ್ಲ.

ಮಡಗಾಂವ್ ಮೇಷ್ಟ್ರು:
ಇಂಗಾಲ ಕೆಟ್ಟಿಲ್ಲ, ಅದರ ಗುಣವೇ ಹಾಗೆ. ಫಾಸ್ಫೋರಿಕ್ ಆಮ್ಲದಿಂದ ಕಡಿಮೆ ಉಷ್ಣತೆಯಲ್ಲಿ ತಯಾರಾದ ಇಂಗಾಲದ ಮೇಲ್ಮೈಯಲ್ಲಿ ಆಮ್ಲೀಯ ಗುಂಪುಗಳು ಹೆಚ್ಚಾಗಿರುತ್ತವೆ. ಕ್ಷಾರೀಯ ನೀರಿನಲ್ಲಿ ಅವು ಪ್ರೋಟಾನ್ ಕಳೆದುಕೊಂಡು ಮೇಲ್ಮೈ ಋಣ ವಿದ್ಯುದಂಶ ಪಡೆಯುತ್ತದೆ. ಮೀಥಿಲೀನ್ ಬ್ಲೂ ಧನ ಅಯಾನು, ತಾನಾಗಿ ಬಂದು ಅಂಟುತ್ತದೆ. ರಿಯಾಕ್ಟಿವ್ ಬಣ್ಣದಲ್ಲಿ ಋಣ ವಿದ್ಯುದಂಶದ ಸಲ್ಫೊನೇಟ್ ಗುಂಪುಗಳಿರುವುದರಿಂದ ಅದು ಋಣ ಅಯಾನು, ದೂರ ತಳ್ಳಲ್ಪಡುತ್ತದೆ.

ಗಾತ್ರವನ್ನೂ ಗಮನಿಸಿ. ಮೀಥಿಲೀನ್ ಬ್ಲೂ ಅಣುತೂಕ ಸುಮಾರು 320, ಸಾಮಾನ್ಯ ರಿಯಾಕ್ಟಿವ್ ಕಪ್ಪಾದ ರಿಯಾಕ್ಟಿವ್ ಬ್ಲ್ಯಾಕ್ 5ರದ್ದು ಸೋಡಿಯಂ ಲವಣವಾಗಿ ಸುಮಾರು 992. ಕರಟದ ಇಂಗಾಲದಲ್ಲಿ 2 ನ್ಯಾನೊಮೀಟರಿಗಿಂತ ಕಿರಿದಾದ ರಂಧ್ರಗಳೇ ಹೆಚ್ಚು. ಇಷ್ಟು ದೊಡ್ಡ ಅಣು ಅಂಥ ಕಿಂಡಿಯಲ್ಲಿ ತೂರುವುದು ಕಷ್ಟ, ತೂರಿದರೂ ಅರ್ಧ ಗಂಟೆ ಸಾಲದು. ಒಂದು ದಿನದವರೆಗೆ ಆಗಾಗ ಮಾದರಿ ತೆಗೆದು ನೋಡಿ.

ಇನ್ನೊಂದು ಸಂಶಯ: ಸೋಸುಕಾಗದದ ಸೆಲ್ಯುಲೋಸ್ ಕೂಡ ಮೀಥಿಲೀನ್ ಬ್ಲೂ ಹಿಡಿದುಕೊಳ್ಳುತ್ತದೆ. ಇಂಗಾಲ ಹಾಕದ ನೀರನ್ನೇ ಒಮ್ಮೆ ಸೋಸಿ, 664 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆದು ನೋಡಿ. ನನ್ನ ವಿದ್ಯಾರ್ಥಿಗಳು ವರ್ಷವರ್ಷವೂ ಕಾಗದದ ಕೆಲಸವನ್ನು ಇಂಗಾಲದ ಲೆಕ್ಕಕ್ಕೆ ಬರೆಯುತ್ತಾರೆ.

ಪುಣೆ ವಿದ್ಯಾರ್ಥಿನಿ:
ಸರ್, ನೀವು ಹೇಳಿದ್ದು ನಿಜ. ಬರಿಯ ಬಣ್ಣದ ನೀರನ್ನು ಸೋಸಿದಾಗಲೇ ಕಾಗದದ ನಡುವೆ ರೂಪಾಯಿಯಗಲದ ಕಡುನೀಲಿ ಕಲೆ ಉಳಿಯಿತು, ಕೆಳಗಿಳಿದ ನೀರು ತೆಳುವಾಗಿತ್ತು. ಇನ್ನು ಮುಂದೆ ಸೋಸುವ ಬದಲು, ವೇಗವಾಗಿ ತಿರುಗಿಸಿ ಇಂಗಾಲವನ್ನು ತಳಕ್ಕಿಳಿಸುವ ಸೆಂಟ್ರಿಫ್ಯೂಜ್ ಬಳಸುತ್ತೇನೆ. ಭಿವಂಡಿಯ ನೀರಿನ ಪಿಎಚ್ 10.6 ಇತ್ತು, ಆಮ್ಲ ಹಾಕಿ 3ಕ್ಕೆ ಇಳಿಸಿ ರಾತ್ರಿಯಿಡೀ ಅಲುಗಾಡಿಸಿದಾಗ ಅರ್ಧಕ್ಕಿಂತ ಹೆಚ್ಚು ಬಣ್ಣ ಹೋಯಿತು.

ಡೊಂಬಿವಿಲಿಯ ಹಳೆಯ ಡೈಯರ್:
ಸಂತೋಷ. ಆದರೆ ಕಾರ್ಖಾನೆಯವರು ಅಷ್ಟು ನೀರಿಗೆಲ್ಲ ಆಮ್ಲ ಸುರಿದು, ಮತ್ತೆ ಸುಣ್ಣ ಹಾಕಿ ಸರಿದೂಗಿಸುವುದು ದುಬಾರಿಯ ಬಾಬತ್ತು.

ಮಡಗಾಂವ್ ಮೇಷ್ಟ್ರು:
ಹಾಗಾದರೆ ನೀರನ್ನು ಬಿಟ್ಟು ಇಂಗಾಲವನ್ನೇ ಬದಲಿಸಿ ನೋಡಿ. ಅದೇ ಪುಡಿಯನ್ನು ನೈಟ್ರೋಜನ್ ಹರಿಸುತ್ತ 900 ಡಿಗ್ರಿಯವರೆಗೆ ಕಾಯಿಸಿದರೆ ಬಣ್ಣವನ್ನು ದೂರ ತಳ್ಳುವ ಆ ಆಮ್ಲೀಯ ಗುಂಪುಗಳು ಬಹುಪಾಲು ಉದುರಿಹೋಗುತ್ತವೆ. ಕುಲುಮೆ ತಣ್ಣಗಾಗುವವರೆಗೂ ನೈಟ್ರೋಜನ್ ನಿಲ್ಲಿಸಬೇಡಿ, ಇಲ್ಲವಾದರೆ ಗಾಳಿ ತಾಗಿ ಇಂಗಾಲ ಉರಿದು ಬೂದಿಯಷ್ಟೇ ಕೈಗೆ ಬರುತ್ತದೆ.