ಮೊದಲು ತೊರೆಗೆ ಹೋಗಿ ಚಿಕ್ಕಪ್ಪ

ಚಿಕ್ಕಪ್ಪ, ನಿಮ್ಮ ಸಂದೇಶವನ್ನು ಈಗಷ್ಟೇ ಕೇಳಿದೆ. ಫ್ಲೈ, ಅಂದರೆ ಹುಳುವಿನಂತೆ ಕಾಣುವ ನಕಲಿ ಎರೆ ಕಟ್ಟಿದ ಗಾಳದಿಂದ ಒಂದು ವಾರ ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿಯಲು ಹೊರಟಿದ್ದೀರಿ, ಸರೋವರವೂ ಇದೆ, ತೊರೆಯೂ ಇದೆ. ಯಾವುದಕ್ಕೆ ಮೊದಲು ಹೋಗಲಿ, ಗಾಳವನ್ನು ದೂರ ಎಸೆಯುವುದನ್ನು ಎಷ್ಟು ಅಭ್ಯಾಸ ಮಾಡಲಿ ಎಂದು ಕೇಳಿದ್ದೀರಿ. ಬರೆಯುತ್ತಾ ಕುಳಿತರೆ ಬೆಳಗಾಗುತ್ತದೆ, ಮಾತಿನಲ್ಲೇ ಹೇಳಿಬಿಡುತ್ತೇನೆ. ಚಿಕ್ಕಮ್ಮ, ನೀವು ಬೇಕಾದರೆ ವೇಗ ಹೆಚ್ಚಿಸಿಕೊಂಡು ಕೇಳಿ.

ಮೊದಲು ತೊರೆ. ಅಲ್ಲಿ ಮೀನು ಎಲ್ಲಿದೆ ಎಂಬುದನ್ನು ನೀರೇ ತೋರಿಸಿಕೊಡುತ್ತದೆ. ಟ್ರೌಟ್ ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ. ಬಂಡೆಯ ಮರೆಯಲ್ಲಿ, ರಭಸದ ನೀರು ನಿಧಾನದ ನೀರಿಗೆ ತಾಗುವ ಅಂಚಿನಲ್ಲಿ. ಮೈ ದಣಿಯಬಾರದು, ಊಟ ಮಾತ್ರ ಬಾಯಿಗೇ ತೇಲಿ ಬರಬೇಕು. ನಮ್ಮ ಮನೆಯಲ್ಲೂ ಅಂಥವರಿದ್ದಾರೆ, ಹೆಸರು ಹೇಳುವುದಿಲ್ಲ. ಸರೋವರದಲ್ಲಿ ಹರಿವಿಲ್ಲದ ಕಾರಣ ಮೀನೇ ಊಟ ಹುಡುಕಿಕೊಂಡು ಸುತ್ತುತ್ತದೆ, ಹೊಸಬರಿಗೆ ಅದರ ಜಾಡು ಸಿಗುವುದು ಕಷ್ಟ. ಜೋರು ಮಳೆ ಬಂದು ತೊರೆ ಕೆಂಪಾದ ದಿನಕ್ಕೆ ಸರೋವರವನ್ನು ಉಳಿಸಿಕೊಳ್ಳಿ. ಅಲ್ಲಿ ಮುಂಜಾನೆ ಅಥವಾ ಸಂಜೆ ಹೋಗಿ, ಗಾಳಿ ಬೀಸಿ ಹುಳುಗಳನ್ನು ತಂದು ಒಟ್ಟುವ ದಡವನ್ನು ಹಿಡಿಯಿರಿ.

ಇನ್ನು ದೂರ ಎಸೆಯುವ ಹುಚ್ಚು. ನನ್ನ ಮೊದಲ ಪ್ರವಾಸದಲ್ಲಿ ಬಂದ ಕೂಡಲೇ ಮೊಣಕಾಲುದ್ದದ ನೀರಿಗಿಳಿದು ಆಚೆ ದಡಕ್ಕೆ ಎಸೆಯಲು ಹೆಣಗಿದೆ. ಮಧ್ಯಾಹ್ನದವರೆಗೆ ನಾನು ಹಿಡಿದದ್ದು ಬೆನ್ನ ಹಿಂದಿನ ಮರವನ್ನು. ನಾಲ್ಕು ಫ್ಲೈಗಳು ಈಗಲೂ ಅದರ ಕೊಂಬೆಯಲ್ಲೇ ಇರಬೇಕು. ಸೋತು ದಡದಲ್ಲಿ ಕುಳಿತೆ. ಸ್ವಲ್ಪ ಹೊತ್ತಿಗೆ, ನಾನು ನಿಂತಿದ್ದ ಜಾಗದಲ್ಲೇ, ಒಂದು ಮೂತಿ ಮೇಲೆ ಬಂದು ಏನನ್ನೋ ಹೀರಿ ಮುಳುಗಿತು. ಸದ್ದೇ ಇಲ್ಲ, ಒಂದು ಉಂಗುರ ಮಾತ್ರ ಹರಿವಿನೊಂದಿಗೆ ಜಾರಿಹೋಯಿತು. ಬೆಳಗಿನಿಂದ ನಾನು ಮೀನನ್ನು ತುಳಿದುಕೊಂಡೇ ನಿಂತಿದ್ದೆ!

ಆದ್ದರಿಂದ ನೀರಿಗಿಳಿಯುವ ಮೊದಲು ಹತ್ತು ನಿಮಿಷ ಸುಮ್ಮನೆ ನೋಡಿ. ಕೆಳಗಿನಿಂದ ಮೇಲಕ್ಕೆ, ಮೀನಿನ ಬೆನ್ನ ಹಿಂದಿನಿಂದ, ಬಗ್ಗಿಕೊಂಡು ಬನ್ನಿ. ನೀರಿನೊಳಗಿನ ಮೀನಿಗೆ ಹೊರಲೋಕವೆಲ್ಲ ತಲೆಯ ಮೇಲೆ ಸುಮಾರು 97 ಡಿಗ್ರಿ ಕೋನದ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತದೆ. ತಗ್ಗಿ ನಡೆದರೆ ನೀವು ಅದರ ಅಂಚಿನಲ್ಲಿ ಮುದುಡಿ, ಕಂಡೂ ಕಾಣದಂತಾಗುತ್ತೀರಿ.

ಸಾಮಾನ್ಯ ಗಾಳದಲ್ಲಿ ತುದಿಯ ಭಾರ ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ಫ್ಲೈ ಎಂದರೆ ಗರಿ, ನೂಲು ಸುತ್ತಿದ ಕೊಕ್ಕೆ, ತೂಕವೇ ಇಲ್ಲ ಎನ್ನಬಹುದು. ಭಾರ ಇರುವುದು ದಾರದಲ್ಲಿ. ಹಿಂದಕ್ಕೆ ಬೀಸಿದ ದಾರ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು. ಅವಸರಪಟ್ಟರೆ ಚಾಟಿಯಂತೆ ಚಟೀರ್ ಎನ್ನುತ್ತದೆ, ಫ್ಲೈ ಕಿತ್ತುಹೋಗುತ್ತದೆ. ತೊರೆಗೂ ಸರೋವರಕ್ಕೂ 9 ಅಡಿಯ, 5ನೇ ನಂಬರಿನ (ನಂಬರು ದಾರದ ತೂಕದ್ದು) ದಾರಕ್ಕೆ ಹೊಂದುವ ರಾಡ್, ಅಂದರೆ ಗಾಳದ ಕೋಲು, ಒಂದೇ ಸಾಕು.

ಎಸೆತಕ್ಕಿಂತ ತೇಲಿಸುವುದನ್ನು ಕಲಿಯಿರಿ. ಹರಿವು ದಾರವನ್ನು ಜಗ್ಗಿದರೆ ಫ್ಲೈ ನೀರಿನ ಮೇಲೆ ಗೀರೆಳೆಯುತ್ತದೆ; ಹರಿವಿಗೆ ಮೈಬಿಟ್ಟ ಹುಳು ಹಾಗೆ ಸಾಗುವುದಿಲ್ಲ, ಮೀನು ಅನುಮಾನಿಸಿ ಬಿಟ್ಟುಬಿಡುತ್ತದೆ. ದಾರ ಜಗ್ಗುವ ಮೊದಲೇ ಅದರ ನಡುಭಾಗವನ್ನು ಎತ್ತಿ ಹರಿವಿನ ಮೇಲ್ಬದಿಗೆ ಹಾಕಿ. ಮೇಲೆ ಉಂಗುರಗಳು ಕಾಣದಿದ್ದರೆ ನಿಂಫ್, ಅಂದರೆ ನೀರೊಳಗಿನ ಎಳೆಯ ಹುಳುವನ್ನು ಹೋಲುವ ಫ್ಲೈ ಕಟ್ಟಿ ಮುಳುಗಿಸಿ, ಟ್ರೌಟ್ ಬಹುಪಾಲು ತಿನ್ನುವುದು ನೀರಿನೊಳಗೇ.

ಇದೆಲ್ಲ ಹೊಸ ಶೋಕಿ ಎಂದು ಬರೆದ ತಮ್ಮನಿಗೆ ಒಂದು ಮಾತು: ಮ್ಯಾಸಿಡೋನಿಯಾದವರು ಕೊಕ್ಕೆಗೆ ಕೆಂಪು ಉಣ್ಣೆ, ಗರಿ ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ಈಲಿಯನ್ ಎಂಬ ರೋಮನ್ ಲೇಖಕ ಸುಮಾರು 1800 ವರ್ಷಗಳ ಹಿಂದೆಯೇ ಬರೆದಿದ್ದಾನೆ.

ಥರ್ಮಾಮೀಟರ್ ಒಂದಿರಲಿ. ನೀರು 20 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಗಾಳ ಎತ್ತಿಡಿ; ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ, ಸೆಣಸಿ ದಣಿದ ಮೀನನ್ನು ಬಿಟ್ಟರೂ ಸಾಯಬಹುದು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿ, ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ತೊರೆಯಿಂದ ಸರೋವರಕ್ಕೆ ಹೋಗುವಾಗ ಬೂಟು ತೊಳೆದು ಪೂರ್ತಿ ಒಣಗಿಸಿ, ಒಂದು ನೀರಿನ ಪಾಚಿ ಇನ್ನೊಂದಕ್ಕೆ ಅಂಟಿಕೊಂಡು ಹೋಗುತ್ತದೆ. ಪರವಾನಗಿಯನ್ನು ಮೊದಲೇ ಮಾಡಿಸಿಕೊಳ್ಳಿ.

ಹೊರಡುವವರೆಗೆ ಬಯಲಿನಲ್ಲಿ ಕೊಕ್ಕೆಯ ಬದಲು ಉಣ್ಣೆಯ ಎಳೆ ಕಟ್ಟಿ ಬೀಸುತ್ತಿರಿ. ಚಿಕ್ಕಮ್ಮ, ನೋಡಲು ಹೋದರೆ ಅವರ ಹಿಂದೆ ಮಾತ್ರ ನಿಲ್ಲಬೇಡಿ.